ಪರದೇಶದಲ್ಲಿ ಹಾಡಿದ ಚೀನೀಯರೂ ಅವರ ಗಾನನಾಯಕರೂ

ಸಮೂಹಗಾನವೆಂಬುದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹೊಸ ಮಾತಲ್ಲ. ಹಲವು ಕಂಠಗಳು ಒಂದಾಗಬೇಕಾದರೆ ಎದುರಿಗೆ ನಿಂತು ಕೈಯಾಡಿಸುವವರೊಬ್ಬರು ಬೇಕೆಂಬುದನ್ನು ಅವರೆಲ್ಲರೂ ಬಲ್ಲರು. ಆದರೆ ಹಾಗೆ ನಿಲ್ಲುವವರು ಸಂಗೀತಶಾಸ್ತ್ರದಲ್ಲಿ ಪಾರಂಗತರೇ ಆಗಿರಬೇಕೆ? ನ್ಯೂಯಾರ್ಕ್ ಪಟ್ಟಣದ ಚೀನೀ ಕೆಲಸಗಾರರನ್ನು ಹಾಡಿಸಿದ ಲಿಯು ಲಿಯಾಂಗ್‌ಮೊ ಎಂಬವರ ವೃತ್ತಾಂತವನ್ನು ಓದಿದವರು ಹಾಗೆಂದು ಹೇಳಲಾರರು.

1909ರಲ್ಲಿ ಹುಟ್ಟಿದ ಇವರು ಶಾಂಘೈಯ ಒಂದು ಮಿಶನ್ ಕಾಲೇಜಿನಲ್ಲಿ ಅಭ್ಯಾಸ ಮಾಡಿದ್ದು ಸಮಾಜಶಾಸ್ತ್ರವನ್ನೇ ಹೊರತು ಸಂಗೀತವನ್ನಲ್ಲ. ಬಳಿಕ ಕ್ರೈಸ್ತ ಯುವಕರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು, 1935ರಲ್ಲಿ ಸಾಮಾನ್ಯ ಜನರಿಗಾಗಿ ಒಂದು ಗಾನಸಭೆಯನ್ನು ಆರಂಭಿಸಿದರು. ಅಲ್ಲಿಗೆ ಬಂದವರು ಅಂಗಡಿಯ ಗುಮಾಸ್ತರು, ಕೆಲಸ ಕಲಿಯುವ ಹುಡುಗರು, ಇಂಥವರು. ಒಂದೊಂದು ಸಾಲನ್ನು ತಾವು ಹಾಡಿ ಅವರಿಂದ ಹಾಡಿಸುವುದೇ ಲಿಯುರವರ ಪದ್ಧತಿ. ಮರುವರ್ಷದಲ್ಲಿಯೇ ಬಯಲಿನಲ್ಲಿ ಸಾವಿರಾರು ಜನರು ಅವರ ಕೈಸನ್ನೆಗೆ ಒಟ್ಟಾಗಿ ಹಾಡಿದರು.

ಇಲ್ಲಿ ಚೀನೀಯರ ಅಂಕಿಯ ಸ್ವರಲಿಪಿಯ ವಿಚಾರವನ್ನು ಸ್ವಲ್ಪ ಹೇಳಬೇಕು. ಐದು ಗೆರೆಗಳ ಪಾಶ್ಚಾತ್ಯ ಲಿಪಿಯು ಕಲಿಯಲು ಪ್ರಯಾಸವಾದುದೆಂದು ನಮ್ಮಲ್ಲಿ ಅನೇಕರಿಗೆ ಅನುಭವವುಂಟಷ್ಟೆ. ಅದಕ್ಕೆ ಬದಲಾಗಿ ಅವರು 1ರಿಂದ 7ರ ವರೆಗಿನ ಅಂಕಿಗಳನ್ನು ಬರೆಯುತ್ತಾರೆ. ನಮ್ಮ ಷಡ್ಜದಂತೆ ಅವರ ಒಂದು ಎಂಬುದನ್ನು ಬೇಕಾದ ಶ್ರುತಿಯಲ್ಲಿ ಇಟ್ಟುಕೊಳ್ಳಬಹುದು. ಮೇಲಿನ ಸ್ಥಾಯಿಗೆ ಅಂಕಿಯ ಮೇಲೆ ಚುಕ್ಕೆ, ಕೆಳಗಿನದಕ್ಕೆ ಕೆಳಗೆ ಚುಕ್ಕೆ, ಸುಮ್ಮನಿರಬೇಕಾದಲ್ಲಿ ಸೊನ್ನೆ. ಲೆಕ್ಕದ ಅಂಕಿಗಳನ್ನು ಬಲ್ಲ ಅಂಗಡಿಯವನಿಗೆ ಇದು ಎಷ್ಟು ಹೊತ್ತಿನ ಪಾಠ! ಅಂಥ ಲಿಪಿಯಿಲ್ಲದಿದ್ದರೆ ಆ ಹಾಡುಗಳು ಅಷ್ಟು ಬೇಗ ಹಬ್ಬುತ್ತಿದ್ದವೆಂದು ನನಗೆ ತೋರುವುದಿಲ್ಲ.

1937ರಲ್ಲಿ ಜಪಾನಿನೊಡನೆ ಮಹಾಯುದ್ಧವು ತೊಡಗಿದ ಮೇಲೆ ಹಾಡಿಸುವವರು ದೇಶದ ಹೊರಗೂ ಹೋದರು. ಶಿಯಾ ಝಿಚಿಯು ಎಂಬ ಸಂಗೀತಗಾರರು ವುಹಾನ್ ಗಾನಮೇಳವನ್ನು ಕರೆದುಕೊಂಡು 1938ರ ಕೊನೆಯಲ್ಲಿ ಸಿಂಗಪುರಕ್ಕೆ ಬಂದು, ಅಲ್ಲಿಯೂ ಮಲಯಾದ ಊರುಗಳಲ್ಲಿಯೂ ಹಾಡಿಸಿ, ಯುದ್ಧದಿಂದ ನೊಂದವರಿಗಾಗಿ ಹಣ ಕೂಡಿಸಿದರು. ಶಿಯಾರವರು ನುರಿತ ಹಾಡುಗಾರರನ್ನು ಜೊತೆಯಲ್ಲಿಯೇ ತಂದಿದ್ದರು. 1940ರಲ್ಲಿ ಅಮೆರಿಕಕ್ಕೆ ಹೋದ ಲಿಯುರವರಾದರೋ ಗಾನಮೇಳವಿಲ್ಲದೆ ಹೋದರು; ಹಾಡುವವರನ್ನು ಅಲ್ಲಿಯೇ ಹುಡುಕಿಕೊಳ್ಳಬೇಕಾಗಿತ್ತು.

ಅವರಿಗೆ ದೊರೆತವರು ಯಾರು? ನ್ಯೂಯಾರ್ಕಿನ ಚೀನೀ ತರುಣರ ಕೂಟವೊಂದರ ಸದಸ್ಯರು. ಅವರಲ್ಲಿ ಬಹುಮಂದಿ ಕೈಯಿಂದ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಗಳವರು. 1882ರ ಕಾಯಿದೆಯಿಂದ ಚೀನೀ ಕೂಲಿಕಾರರಿಗೆ ಆ ದೇಶದ ಬಾಗಿಲು ಮುಚ್ಚಿತ್ತು, ಅಲ್ಲಿಗೆ ವಲಸೆ ಬಂದವರಿಗೆ ಪೌರತ್ವ ದೊರೆಯುತ್ತಿರಲಿಲ್ಲ, ಹೆಂಡಿರುಮಕ್ಕಳು ಬಹುತೇಕ ಸ್ವದೇಶದಲ್ಲಿಯೇ ಉಳಿದಿದ್ದರು. 1933ರಲ್ಲಿ ನಗರಸಭೆಯು ಅವರ ಒಂದೊಂದು ಅಂಗಡಿಯ ಮೇಲೆ ವರ್ಷಕ್ಕೆ 25 ಡಾಲರಿನ ತೆರಿಗೆಯನ್ನೂ 1000 ಡಾಲರಿನ ಜಾಮೀನನ್ನೂ ಹೇರಲು ಹೊರಟಾಗ, ಅವರು ಸಂಘ ಕಟ್ಟಿ ಹೋರಾಡಿ ಅದನ್ನು 10ಕ್ಕೂ 100ಕ್ಕೂ ಇಳಿಸಿಕೊಂಡಿದ್ದರು. ಇಂಥವರು ದಿನವೆಲ್ಲ ಇಸ್ತ್ರಿಯ ಮುಂದೆ ನಿಂತು ದಣಿದ ಮೇಲೆ ಹಾಡಲು ಬರುತ್ತಿದ್ದರು. ಇನ್ನೊಂದು ತೊಡಕೂ ಇತ್ತು. ಅಲ್ಲಿಯ ಚೀನೀಯರಲ್ಲಿ ಹೆಚ್ಚಿನವರು ದಕ್ಷಿಣದ ಕ್ವಾಂಗ್‌ಟುಂಗ್ ಸೀಮೆಯವರು. ಅವರ ಮನೆಮಾತೇ ಬೇರೆ. ಹಾಡುಗಳಾದರೋ ಮ್ಯಾಂಡರಿನ್ ನುಡಿಯಲ್ಲಿದ್ದವು. ಆದುದರಿಂದ ಗಾನನಾಯಕನು ರಾಗಕ್ಕಿಂತ ಮೊದಲು ಉಚ್ಚಾರಣೆಯನ್ನೇ ತಿದ್ದಬೇಕಾಗುವುದು ಸಹಜವಲ್ಲವೆ?

ಅದೇ ವರ್ಷ ಲಿಯುರವರಿಗೆ ಪಾಲ್ ರೋಬ್‌ಸನ್ನರ ಪರಿಚಯವಾಯಿತು. ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಬಂದ ತಂದೆಯ ಮಗನಾದ ಈ ಮಹಾಗಾಯಕರು ಲಂಡನ್ನಿನಲ್ಲಿದ್ದಾಗಲೇ ಚೀನೀ ಭಾಷೆಯನ್ನು ಅಭ್ಯಾಸ ಮಾಡಿದ್ದರು. ಲಿಯು ಕಲಿಸಿದ ಹಾಡುಗಳಲ್ಲಿ ‘ಸ್ವಯಂಸೇವಕರ ನಡೆಹಾಡು’ ರೋಬ್‌ಸನ್ನರಿಗೆ ಬಹಳ ಹಿಡಿಸಿತು. ಅದನ್ನು ಟಿಯಾನ್ ಹಾನ್ ಎಂಬ ಕವಿ ಬರೆದು, ನಿಯೆ ಅರ್ ಎಂಬ ತರುಣನು 1935ರಲ್ಲಿ ಒಂದು ಚಲಚ್ಚಿತ್ರಕ್ಕಾಗಿ ಸ್ವರ ಕೂಡಿಸಿದ್ದನು. ಅದೇ ವರ್ಷ ಆ ತರುಣನು 23ನೆಯ ವಯಸ್ಸಿನಲ್ಲಿ ಜಪಾನಿನ ಕಡಲಿನಲ್ಲಿ ಮುಳುಗಿ ತೀರಿಹೋದನು. ರೋಬ್‌ಸನ್ನರು ಅದನ್ನು ನ್ಯೂಯಾರ್ಕಿನ ಬಯಲು ರಂಗಮಂದಿರವೊಂದರಲ್ಲಿ ಚೀನೀ ಭಾಷೆಯಲ್ಲಿಯೇ ಹಾಡಿದರು. 1941ರಲ್ಲಿ ಅವರೂ ಲಿಯುರವರ ಗಾನಮೇಳವೂ ಸೇರಿ ಮೂರು ಗ್ರಾಮಫೋನ್ ತಟ್ಟೆಗಳನ್ನು ‘ಚೀ ಲಾಯ್’ ಎಂಬ ಹೆಸರಿನಿಂದ ಹೊರತಂದರು. ಸನ್ ಯಾತ್ ಸೆನ್ನರ ವಿಧವೆಯಾದ ಸೂಂಗ್ ಚಿಂಗ್‌ಲಿಂಗ್‌ರವರು ಅವುಗಳಿಗೆ ಮುನ್ನುಡಿ ಬರೆದರು. ಅಂಗಡಿಯ ಹಬೆಯಲ್ಲಿ ದುಡಿಯುವವರ ಕಂಠವು ಜಗತ್ಪ್ರಸಿದ್ಧ ಗಾಯಕನ ಕಂಠದೊಡನೆ ಒಂದೇ ಸಂಪುಟದಲ್ಲಿ ಅಚ್ಚಾಯಿತು.

ಲಿಯು ಬರಿಯ ಹಾಡಿನಿಂದ ತೃಪ್ತರಾಗಲಿಲ್ಲ. ಕರಿಯ ಜನರ ಪತ್ರಿಕೆಯಾದ ‘ಪಿಟ್ಸ್‌ಬರ್ಗ್ ಕೊರಿಯರ್’ನಲ್ಲಿ ವರ್ಷಗಟ್ಟಲೆ ಅಂಕಣ ಬರೆದು, ವರ್ಣಭೇದವನ್ನೂ ಚೀನೀಯರ ಮೇಲಿನ ಕಾಯಿದೆಯನ್ನೂ ಖಂಡಿಸಿದರು. ಆ ಕಾಯಿದೆಯು 1943ರಲ್ಲಿ ರದ್ದಾಯಿತು. ಆದರೂ ವರ್ಷಕ್ಕೆ 105 ಮಂದಿ ಚೀನೀಯರಿಗೆ ಮಾತ್ರ ಪ್ರವೇಶ ದೊರೆಯಿತು.

1949ರಲ್ಲಿ ಲಿಯು ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಆ ನಡೆಹಾಡು ಚೀನಾದ ರಾಷ್ಟ್ರಗೀತೆಯಾಯಿತು. ರೋಬ್‌ಸನ್ನರ ರಹದಾರಿಯನ್ನು ಅಮೆರಿಕದ ಸರಕಾರವು 1950ರಲ್ಲಿ ಕಿತ್ತುಕೊಂಡು ಎಂಟು ವರ್ಷ ಹಿಂದಿರುಗಿಸಲಿಲ್ಲ. ಕವಿ ಟಿಯಾನ್ ಹಾನ್ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಸೆರೆಯಲ್ಲಿದ್ದು 1968ರಲ್ಲಿ ಮರಣ ಹೊಂದಿದರು. ಆ ದಿನಗಳಲ್ಲಿ ಅವರ ಮಾತುಗಳನ್ನು ಬಿಟ್ಟು ವಾದ್ಯವನ್ನಷ್ಟೇ ನುಡಿಸುತ್ತಿದ್ದರು. 1982ರಲ್ಲಿ ಆ ಮಾತುಗಳು ಹಾಡಿಗೆ ಮರಳಿ ಬಂದವು. ಲಿಯು ಅದನ್ನು ನೋಡಿ, 1988ರಲ್ಲಿ ತೀರಿಕೊಂಡರು.