ಕತ್ತಿನ ಕಪ್ಪು ಉಜ್ಜಿದರೆ ಹೋಗದು

ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಅಂದಾಜಿಸಿದೆ. ಎಷ್ಟೋ ಜನರಿಗೆ ತಮಗೆ ಶುಗರ್ ಇರುವುದೇ ಗೊತ್ತಿರುವುದಿಲ್ಲ. ಕೆಲವರಲ್ಲಿ ಮೊದಲ ಸುಳಿವು ಚರ್ಮದಲ್ಲೇ ಕಾಣುತ್ತದೆ. ಆದರೆ ಬಳ್ಳಾರಿ ಸೀಮೆಯಲ್ಲಿ ಚರ್ಮಕ್ಕೆ ಏನಾದರೂ ಬಿಸಿಲು, ಬೆವರು, ಕೆಸರಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತೇವೆ.

ತಪ್ಪು ಕಲ್ಪನೆ: ಕತ್ತಿನ ಸುತ್ತ ಕಪ್ಪಾದರೆ ಅದು ಕೊಳೆ.
ಸತ್ಯ: ಕತ್ತು, ಕಂಕುಳಲ್ಲಿ ಚರ್ಮ ದಪ್ಪವಾಗಿ, ಮಖಮಲ್ಲಿನಂತೆ ಕಪ್ಪಾಗುವುದು ಹೆಚ್ಚಾಗಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತು. ಕಲ್ಲಿನಿಂದ ಉಜ್ಜಿದರೆ ಚರ್ಮ ಇನ್ನಷ್ಟು ಕಪ್ಪಾಗಬಹುದು. ತೂಕ ಇಳಿದಂತೆ ಬಣ್ಣವೂ ತಿಳಿಯಾಗುತ್ತದೆ. ದಪ್ಪಗಿರುವ ಮಕ್ಕಳಲ್ಲಿ ಇದು ಕಂಡರೆ ಸ್ನಾನ ಸರಿಯಾಗಿ ಮಾಡಲಿಲ್ಲವೆಂದು ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ತಪ್ಪು ಕಲ್ಪನೆ: ಪದೇ ಪದೇ ಕುರು ಏಳುವುದು ಉಷ್ಣದಿಂದ.
ಸತ್ಯ: ಕುರು ಏಳುವುದು ಬ್ಯಾಕ್ಟೀರಿಯಾ ಸೋಂಕಿನಿಂದ. ರಕ್ತದಲ್ಲಿ ಸಕ್ಕರೆ ಏರಿದಾಗ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಬಲ ಕುಗ್ಗುತ್ತದೆ. ಒಂದು ಮಾಗುವಷ್ಟರಲ್ಲಿ ಇನ್ನೊಂದು ಎದ್ದರೆ ಮಾವಿನಹಣ್ಣನ್ನು ದೂರುವ ಮೊದಲು ಶುಗರ್ ನೋಡಿಸಿ.

ತಪ್ಪು ಕಲ್ಪನೆ: ತೊಡೆ ಸಂದಿನ ತುರಿಕೆಗೆ ಮೆಡಿಕಲ್ ಶಾಪಿನ ಟ್ಯೂಬ್ ಸಾಕು.
ಸತ್ಯ: ಶಿಲೀಂಧ್ರ ಸೋಂಕಿಗೆ ಸಕ್ಕರೆ ಮತ್ತು ಬೆವರು ಎರಡೂ ಅನುಕೂಲ. ಬಳ್ಳಾರಿಯ ಜೀನ್ಸ್ ಘಟಕಗಳ ಸೆಕೆಯಲ್ಲಿ ದಿನವಿಡೀ ಕೂತವರಿಗೂ, ಸಿರುಗುಪ್ಪದ ಕೆಸರುಗದ್ದೆಯಲ್ಲಿ ನಾಟಿ ಮಾಡುವವರಿಗೂ ಇದು ಅಂಟಿಕೊಳ್ಳುತ್ತದೆ. ಕೇಳಿದೊಡನೆ ಕೊಡುವ ಹಲವು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ತುರಿಕೆ ಎರಡು ದಿನ ಅಡಗುತ್ತದೆ, ಸೋಂಕು ಮಾತ್ರ ಹಬ್ಬುತ್ತದೆ. ಗುಪ್ತಾಂಗದ ತುರಿಕೆ ಮರುಕಳಿಸುತ್ತಿದ್ದರೆ ನಾಚದೆ ವೈದ್ಯರಿಗೆ ಹೇಳಿ.

ತಪ್ಪು ಕಲ್ಪನೆ: ಮೊಣಕಾಲ ಕೆಳಗಿನ ಕಂದು ಮಚ್ಚೆ ಕುಷ್ಠ.
ಸತ್ಯ: ಸಕ್ಕರೆ ಕಾಯಿಲೆ ಇರುವವರ ಕಣಕಾಲ ಮುಂಭಾಗದಲ್ಲಿ ಸಣ್ಣ, ತುಸು ತಗ್ಗಿದ ಕಂದು ಕಲೆಗಳು ಸಾಮಾನ್ಯ. ಅವು ಅಂಟುವುದಿಲ್ಲ, ಔಷಧವೂ ಬೇಕಿಲ್ಲ. ಮುಟ್ಟಿದರೆ ಅರಿವಾಗದ, ಬಿಳಿಚಿದ ಅಥವಾ ಕೆಂಪಾದ ಮಚ್ಚೆಯಿದ್ದರೆ ಕುಷ್ಠದ ಪರೀಕ್ಷೆ ಬೇಕು. ಅದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಗುಣಪಡಿಸುವ ಚಿಕಿತ್ಸೆಯಿದೆ.

ತಪ್ಪು ಕಲ್ಪನೆ: ನೋವಿಲ್ಲದ ಗಾಯಕ್ಕೆ ಅರಿಶಿನ ಹಚ್ಚಿದರಾಯಿತು.
ಸತ್ಯ: ಅತ್ಯಂತ ಅಪಾಯದ ನಂಬಿಕೆ ಇದೇ. ವರ್ಷಗಟ್ಟಲೆ ಏರಿದ ಸಕ್ಕರೆ ಪಾದದ ನರಗಳನ್ನು ಮಂಕಾಗಿಸುತ್ತದೆ. ಮುಳ್ಳು ಚುಚ್ಚಿದ್ದೂ, ದೇವಸ್ಥಾನದ ಅಂಗಳದ ಕಾದ ಕಲ್ಲು ಸುಟ್ಟಿದ್ದೂ ತಿಳಿಯುವುದಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಇಂಥವರು ಬಿಸಿಲೇರುವ ಮೊದಲೇ ಹೋಗುವುದು ಒಳಿತು. ರಾತ್ರಿ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚಿ, ಬೆರಳ ಸಂದು ಒಣಗಿರಲಿ, ಬಿಸಿನೀರಲ್ಲಿ ಕಾಲಿಡಬೇಡಿ.

ತಪ್ಪು ಕಲ್ಪನೆ: ಶುಗರ್ ಗಾಯ ಮಾಯದು, ಆಸ್ಪತ್ರೆಗೆ ಹೋದರೆ ಕಾಲು ಕತ್ತರಿಸುತ್ತಾರೆ.
ಸತ್ಯ: ಬೇಗ ಹೋದರೆ ಬಹುತೇಕ ಗಾಯಗಳು ಮಾಯುತ್ತವೆ. ಕಾಲು ಕಳೆದುಕೊಳ್ಳುವಂತೆ ಮಾಡುವುದು ಹೆಚ್ಚಾಗಿ ತಡ. ಗಾಯ ಕೆಂಪಾಗಿ ಊದಿದರೆ, ಕೀವು ಬಂದರೆ, ಕಪ್ಪಾದರೆ ಅಂದೇ ಹೊರಡಿ.

ಶುಗರ್ ಪರೀಕ್ಷೆಗೆ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆ ಇದೆ. ದೊಡ್ಡ ಚಿಕಿತ್ಸೆಗೆ ಬಳ್ಳಾರಿಯಲ್ಲಿ, ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮುಲಾಮು ಕೊಳ್ಳುವ ಮುನ್ನ ರಕ್ತ ಪರೀಕ್ಷೆ ಮಾಡಿಸಿ. ಸಕ್ಕರೆ ಹತೋಟಿಗೆ ಬಾರದೆ ಚರ್ಮಕ್ಕೆ ಹಚ್ಚಿದ ಯಾವ ಔಷಧವೂ ಪೂರ್ತಿ ಕೆಲಸ ಮಾಡದು.