ಹಳೇ ಪಿಕಪ್ಪಿಗೆ ಗುಜರಿಯ ಗುಂಡಿಗೆ

ಅಮೆರಿಕದ ಗುಜರಿ ಅಂಗಳಗಳಲ್ಲಿ ಗುದ್ದಿಸಿಕೊಂಡು ಬಿದ್ದಿರುವ ಷೆವ್ರೊಲೆ ಸಿಲ್ವರಾಡೊ, ಟಾಹೋಗಳ ಬಾನೆಟ್ ಎತ್ತಿ ಇಣುಕುವವರಿಗೆ ಬೇಕಾದದ್ದು ಹೆಚ್ಚಾಗಿ ಒಂದೇ: 5.3 ಲೀಟರಿನ ವಿ8 ಎಂಜಿನ್. ಅದನ್ನು ಬಿಚ್ಚಿ ತಂದು ತಾತನ ಕಾಲದ ಸಿ10 ಪಿಕಪ್ಪಿಗೆ ಕೂರಿಸುವ ಕಸುಬಿಗೆ ಅಲ್ಲಿ 'ಎಲ್‌ಎಸ್ ಸ್ವಾಪ್' ಎನ್ನುತ್ತಾರೆ.

1968ರ ಸಿ10ನಲ್ಲಿ ಬರುತ್ತಿದ್ದ 4.1 ಲೀಟರಿನ ಆರು ಸಿಲಿಂಡರ್ ಎಂಜಿನ್ನಿಗೆ ಕಂಪನಿ ಹೇಳುತ್ತಿದ್ದ ಶಕ್ತಿ 155 ಎಚ್‌ಪಿ. ಅದೂ ಏರ್ ಫಿಲ್ಟರ್, ಸೈಲೆನ್ಸರ್ ಇಲ್ಲದೆ ಅಳೆದು ಬರೆದ ಲೆಕ್ಕ. ರಸ್ತೆಯಲ್ಲಿ ಸಿಗುತ್ತಿದ್ದುದು ಇನ್ನೂ ಕಡಿಮೆ. 1999ರಿಂದ ಟ್ರಕ್ಕುಗಳಿಗೆ ಬಂದ 5.3, ಎಲ್ಲ ಜೋಡಣೆಯೊಂದಿಗೇ 270ರಿಂದ 295 ಎಚ್‌ಪಿ ಕೊಡುತ್ತದೆ. 1997ರ ಕಾರ್ವೆಟ್ ಕಾರಿನಲ್ಲಿ ಮೊದಲು ಕಂಡ ಎಲ್‌ಎಸ್1ರ ಒಡಹುಟ್ಟು ಇದು. ಬ್ಲಾಕ್ ಮಾತ್ರ ಬೀಡುಕಬ್ಬಿಣದ್ದು. ಕ್ಯಾಮ್‌ಶಾಫ್ಟ್ ತಲೆಯ ಮೇಲಿಲ್ಲದೆ ಬ್ಲಾಕಿನೊಳಗೇ ಇರುವುದರಿಂದ ಅಗಲ ಕಡಿಮೆ, ಹಳೇ ಬಾನೆಟ್ಟಿನಡಿ ಸಲೀಸಾಗಿ ಕೂರುತ್ತದೆ. ಗೇರ್‌ಬಾಕ್ಸ್ ಕಚ್ಚುವ ಬೋಲ್ಟುಗಳ ಜಾಗವೂ 1955ರ ಷೆವ್ರೊಲೆ ವಿ8ನದಕ್ಕೆ ಬಹುಮಟ್ಟಿಗೆ ಹೊಂದುತ್ತದೆ.

ಎಂಜಿನ್ ಇಳಿಸುವುದನ್ನೇ ಜನ ನಿಂತು ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ನಿಜವಾದ ಕೈಚಳಕ ಇರುವುದು ವೈರಿಂಗಿನಲ್ಲಿ. ಗುಜರಿ ಗಾಡಿಯಿಂದ ಬಂದ ವೈರಿನ ಕಟ್ಟನ್ನು ಮೇಜಿನ ಮೇಲೆ ಹರಡಿ, ಟೇಪು ಸುಲಿದು, ಒಂದೊಂದೇ ಎಳೆ ಎಲ್ಲಿಗೆ ಹೋಗುತ್ತದೆಂದು ನಕ್ಷೆ ಹಿಡಿದು ನೋಡಬೇಕು. ಕ್ಯಾಟಲಿಟಿಕ್ ಕನ್ವರ್ಟರಿನ ಹಿಂಬದಿಯ ಆಕ್ಸಿಜನ್ ಸೆನ್ಸರು, ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ ಇವುಗಳ ಎಳೆಗಳು ಅನೇಕರ ಕೈಯಲ್ಲಿ ಕತ್ತರಿಸಿಹೋಗುತ್ತವೆ. ಕಳ್ಳತನ ತಡೆಯುವ ಲಾಕನ್ನು ಎಂಜಿನ್ನಿನ ಕಂಪ್ಯೂಟರಿನಿಂದ ಅಳಿಸದಿದ್ದರೆ ಸ್ಟಾರ್ಟರ್ ಎಷ್ಟು ತಿರುಗಿಸಿದರೂ ಗಾಡಿ ಓಡುವುದಿಲ್ಲ. ಎಂಜಿನ್ ಹೊರಗಿರುವಾಗಲೇ ಇನ್‌ಟೇಕ್ ಮ್ಯಾನಿಫೋಲ್ಡ್ ಎತ್ತಿ ಅದರಡಿಯ ಎರಡು ನಾಕ್ ಸೆನ್ಸರುಗಳನ್ನು ಬದಲಿಸಿಬಿಡುವುದು ಜಾಣತನ. ನೀರು ಇಳಿದು ಅವು ತುಕ್ಕು ಹಿಡಿದಿರುತ್ತವೆ.

ಪೆಟ್ರೋಲಿನದು ಇನ್ನೊಂದು ತಾಪತ್ರಯ. ಕಾರ್ಬ್ಯುರೇಟರಿಗೆ ಆರೇಳು ಪಿಎಸ್‌ಐ ಒತ್ತಡ ಸಾಕಿತ್ತು. ಈ ಇಂಜೆಕ್ಟರುಗಳಿಗೆ 58 ಬೇಕು. 1967–72ರ ಸಿ10ನಲ್ಲಿ ಟ್ಯಾಂಕ್ ಇರುವುದು ಕ್ಯಾಬಿನ್ನಿನೊಳಗೆ, ಡ್ರೈವರ್ ಸೀಟಿನ ಬೆನ್ನಿಗೆ! ಬಹಳ ಮಂದಿ ಈ ನೆಪದಲ್ಲಿ ಅದನ್ನು ಹಿಂದಕ್ಕೆ, ಚಾಸಿಸ್ಸಿನ ನಡುವಿಗೆ ಸಾಗಿಸುತ್ತಾರೆ. ಒಳ್ಳೆಯ ನೆಪ.

ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. ಈ ಕಸುಬಿಗೆ ಅದೊಂದು ಅನುಕೂಲ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಆರ್‌ಟಿಒ ಒಪ್ಪಿಗೆಯಿಲ್ಲದೆ ಎಂಜಿನ್ ಬದಲಿಸುವಂತಿಲ್ಲ, ಆರ್‌ಸಿಯಲ್ಲೂ ಅದು ನಮೂದಾಗಬೇಕು.

ಇಷ್ಟೆಲ್ಲ ಮಾಡಿದವರೂ ಬ್ರೇಕಿನ ಖರ್ಚನ್ನು ಮುಂದಿನ ವರ್ಷಕ್ಕೆ ತಳ್ಳುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಸಿ10ಗೆ ಮುಂದಿನ ಚಕ್ರದ ಡಿಸ್ಕ್ ಬ್ರೇಕ್ ಬಂದದ್ದೇ 1971ರಲ್ಲಿ. ಅದಕ್ಕೂ ಹಿಂದಿನವಕ್ಕೆ ನಾಲ್ಕೂ ಡ್ರಮ್ಮೇ. ದುಡ್ಡು ಕಡಿಮೆಯಿದ್ದರೆ ಮೊದಲು ಡಿಸ್ಕ್ ಹಾಕಿಸಿ, ಹಳೇ ಎಂಜಿನ್ನಿನಲ್ಲೇ ಒಂದಷ್ಟು ದಿನ ಓಡಿಸಲಿ. ಗುಜರಿಯಲ್ಲಿ 5.3ಕ್ಕೆ ಬರವೇನೂ ಇಲ್ಲ.