ರಸ್ತೆಗಿಲ್ಲದ ಸುಂಕ, ರಸ್ತೆಯ ವಿದ್ಯೆಗೆ

ಪಂಚನಹಳ್ಳಿ ಕಡೆಯ ಮನೆಗಳಲ್ಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಇಳಿಸಿ ಸುಲಿದರೆ, ಕೊಬ್ಬರಿ ತಿಪಟೂರಿಗೋ ಅರಸೀಕೆರೆಗೋ ಹೋಗುತ್ತದೆ. ಮಟ್ಟೆ ಉಳಿಯುತ್ತದೆ. ಒಂದಷ್ಟು ನೀರೊಲೆಗೆ, ಒಂದಷ್ಟು ನಾರಿನ ಕಾರ್ಖಾನೆಗೆ. ಆ ನಾರನ್ನು ಹುರಿ ಮಾಡಿ ಬಲೆಯಂತೆ ನೇಯ್ದು ರಸ್ತೆಯ ಅಡಿಯಲ್ಲಿ ಹಾಸಬಹುದು ಎಂದರೆ ನಮ್ಮಲ್ಲಿ ಇನ್ನೂ ಹಲವರು ನಗುತ್ತಾರೆ.

ನಗುವಂಥದ್ದೇನಿಲ್ಲ. ಅಜ್ಜಂಪುರದ ಈರುಳ್ಳಿ ಬೆಳೆಯುವ ಎರೆಭೂಮಿಯನ್ನು ನೋಡಿ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇಂಥ ಮಣ್ಣಿನ ಮೇಲೆ ಜಲ್ಲಿ ಸುರಿದರೆ ಒಂದೆರಡು ಮಳೆಗಾಲದಲ್ಲಿ ಜಲ್ಲಿ ಕೆಳಗಿಳಿದು ಕೆಸರು ಮೇಲೇರುತ್ತದೆ. ನಾರಿನ ಹಾಸು ಎರಡನ್ನೂ ಬೇರೆಬೇರೆ ಇಡುತ್ತದೆ, ನೀರನ್ನು ಪಕ್ಕಕ್ಕೆ ಹರಿಯಬಿಡುತ್ತದೆ, ಚಕ್ರದ ಭಾರವನ್ನು ಹರವುತ್ತದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಹೆಚ್ಚು, ಹಾಗಾಗಿ ಬೇಗ ಕೊಳೆಯುವುದಿಲ್ಲ. ಕೊಳೆಯುವ ಹೊತ್ತಿಗೆ ಮಣ್ಣು ಓಡಾಟದ ಭಾರಕ್ಕೆ ತಾನೇ ಬಿಗಿದುಕೊಂಡಿರುತ್ತದೆ. 2020ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದ ರಸ್ತೆಗಳಿಗೆ ಇದನ್ನು ಒಪ್ಪಿತು. ಆಗ ಹೆಸರಿಸಿದ ಏಳು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಇಷ್ಟೆಲ್ಲ ಗೊತ್ತಾದದ್ದು ಹೇಗೆ? ಯಾರೋ ಪ್ರಯೋಗಾಲಯದಲ್ಲಿ ಮಣ್ಣು ತುಂಬಿ, ಹಾಸು ಹಾಕಿ, ಭಾರ ಹೇರಿ ಅಳೆದು ಬರೆದರು. ಆ ಬರಹ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಯಿತು. ಸುಂಕದ ಕಟ್ಟೆ ಇರುವುದು ಅಲ್ಲಿಯೇ. ಸಂಶೋಧಕರ ಸಂಬಳ, ಯಂತ್ರದ ಬೆಲೆ ಬಹುಪಾಲು ಸಾರ್ವಜನಿಕರ ದುಡ್ಡು. ಬರಹವನ್ನು ಪರಿಶೀಲಿಸುವ ಇತರ ಪ್ರಾಧ್ಯಾಪಕರಿಗೆ ಸಾಮಾನ್ಯವಾಗಿ ಬಿಡಿಗಾಸೂ ಇಲ್ಲ. ಆದರೆ ಅಚ್ಚಾದ ಮೇಲೆ ಒಂದೇ ಒಂದು ಲೇಖನ ಓದಲು ಪ್ರಕಾಶಕರು ಮೂವತ್ತು ಡಾಲರಿನ ಆಸುಪಾಸು ಕೇಳುವುದುಂಟು. ಹಳ್ಳಿಯ ರಸ್ತೆಯಲ್ಲಿ ಪುಕ್ಕಟೆ ನಡೆಯಬಹುದು, ಅದರ ವಿದ್ಯೆಗೆ ಮಾತ್ರ ಟೋಲ್. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂದು ನಮ್ಮವರಿಗೆ ಗೊತ್ತೇ ಇದೆ.

ಈ ಕಟ್ಟೆಯನ್ನು ಬಳಸಿ ಹೋಗುವ ದಾರಿಗೆ ಓಪನ್ ಆಕ್ಸೆಸ್, ಮುಕ್ತ ಪ್ರಕಟಣೆ ಎಂದು ಹೆಸರು. 2002ರ ಬುಡಾಪೆಸ್ಟ್ ಘೋಷಣೆ ಅದಕ್ಕೆ ಸ್ಪಷ್ಟ ರೂಪ ಕೊಟ್ಟಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ಬಿ. ರಾಜಶೇಖರ್ ಮತ್ತು ಅವರ ಸಂಗಡಿಗರು ಈಪ್ರಿಂಟ್ಸ್ ಎಂಬ ಭಂಡಾರ ತೆರೆದರು. ದೇಶದಲ್ಲಿ ಒಂದು ವಿದ್ಯಾಸಂಸ್ಥೆ ತನ್ನವರ ಬರಹಗಳನ್ನು ಹೀಗೆ ಕೂಡಿಟ್ಟದ್ದು ಅದೇ ಮೊದಲು. ಉಬ್ಬುವ ಜೇಡಿಮಣ್ಣಿನ ಸ್ವಭಾವವನ್ನು ದಶಕಗಳ ಕಾಲ ಶೋಧಿಸಿದ ಎ. ಶ್ರೀಧರನ್ ಅದೇ ಸಂಸ್ಥೆಯವರು. ಎರೆಭೂಮಿಯ ರಸ್ತೆ ಏಕೆ ಅಲೆಯಲೆಯಾಗುತ್ತದೆ ಎಂದು ಅರಿಯಬೇಕಾದವರು ಅಲ್ಲಿ ಹುಡುಕಬಹುದು. ಅಲ್ಲೂ ಒಂದು ತೊಡಕಿದೆ. ಪ್ರಕಾಶಕರ ಹಕ್ಕಿನ ಕಾರಣ ಎಷ್ಟೋ ಕಡತಗಳಿಗೆ ಬೀಗ. ಬರೆದವರಲ್ಲಿ ಪ್ರತಿ ಕೇಳುವ ಗುಂಡಿಯಷ್ಟೇ ಕಾಣುತ್ತದೆ. ಒತ್ತಲು ಸಂಕೋಚ ಬೇಡ.

ಇನ್ನೊಂದು ದಾರಿಯಲ್ಲಿ ಓದುಗರಿಗೆ ಬಾಗಿಲು ತೆರೆದು ಬರೆದವರಿಂದ ಹಣ ಪಡೆಯುತ್ತಾರೆ. ದೊಡ್ಡ ಪತ್ರಿಕೆಗಳಲ್ಲಿ ಅದು ಸಾವಿರಾರು ಡಾಲರ್. ಜಿಲ್ಲಾ ಕೇಂದ್ರದ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಎಲ್ಲಿಂದ ತಂದಾರು? ಸುಂಕದ ಕಟ್ಟೆಯನ್ನು ಊರಿನ ಆ ತುದಿಯಿಂದ ಈ ತುದಿಗೆ ಸಾಗಿಸಿದಂತಾಯಿತು, ಅಷ್ಟೆ. ನನಗೆ ಹಿಡಿಸುವುದು ಮೂರನೆಯ ದಾರಿ, ಇಬ್ಬರಿಂದಲೂ ಕಾಸು ಕೇಳದೆ ಸಂಸ್ಥೆಯೇ ಖರ್ಚು ಹೊರುವುದು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಎಂಜಿನಿಯರಿಂಗ್ ಪತ್ರಿಕೆ 'ಸಾಧನಾ'. ಅದರ ಹಳೆಯ ಸಂಚಿಕೆಗಳನ್ನು ಅಕಾಡೆಮಿಯ ಜಾಲತಾಣದಲ್ಲಿ ಪುಕ್ಕಟೆ ಇಳಿಸಿಕೊಳ್ಳಬಹುದು. ಸಾರಿಗೆ ಮತ್ತು ಭೂಬಳಕೆಯ ಬಗ್ಗೆ 2008ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಶುರುವಾದ ಪತ್ರಿಕೆಯೊಂದನ್ನೂ ಯಾರು ಬೇಕಾದರೂ ಓದಬಹುದು.

ನಮ್ಮ ಸರ್ಕಾರ ಹಿಡಿದದ್ದು ಬೇರೆಯೇ ದಾರಿ. 2024ರ ನವೆಂಬರಿನಲ್ಲಿ 'ಒಂದು ದೇಶ, ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರಾಯಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸಿಗುತ್ತವೆ. ಅಲ್ಲಿನ ವಿದ್ಯಾರ್ಥಿಗಳಿಗೆ ದೊಡ್ಡ ಅನುಕೂಲ, ಸುಳ್ಳಲ್ಲ. ಆದರೆ ಇದು ಟೋಲನ್ನು ಒಟ್ಟಿಗೆ ಕಟ್ಟಿ ಪಾಸು ಮಾಡಿಸಿಕೊಂಡಂತೆ. ಪಾಸಿಲ್ಲದ ಪಂಚಾಯಿತಿ ಸದಸ್ಯ, ಗುತ್ತಿಗೆದಾರ, ನಾರು ನೇಯುವವಳು ಗೇಟಿನಾಚೆಯೇ.

ಲೇಖನಕ್ಕಿಂತ ರಸ್ತೆಗೆ ಹತ್ತಿರದ್ದು ಸಂಹಿತೆ: ಜಲ್ಲಿ ಎಷ್ಟು ದಪ್ಪ, ಮೋರಿ ಎಲ್ಲಿ ಎಂದು ಹೇಳುವ ಪುಸ್ತಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1934ರಲ್ಲಿ ಹುಟ್ಟಿತು. ಅದು ತನ್ನ ಸಂಹಿತೆಗಳನ್ನು ಬೆಲೆ ಕಟ್ಟಿ ಮಾರುತ್ತ ಬಂದಿದೆ. ಭಾರತೀಯ ಮಾನಕ ಬ್ಯೂರೊ ಕೂಡ ಹಾಗೆಯೇ ಮಾಡುತ್ತಿತ್ತು. ಅಮೆರಿಕದ ಕಾರ್ಲ್ ಮಲಮುಡ್ ಸಾವಿರಾರು ಭಾರತೀಯ ಮಾನಕಗಳನ್ನು ಕೊಂಡು ಅಂತರ್ಜಾಲಕ್ಕೆ ಏರಿಸಿಬಿಟ್ಟರು. ಬ್ಯೂರೊ ಸಿಟ್ಟಾಯಿತು. 2015ರಲ್ಲಿ ಅವರೊಂದಿಗೆ ಸಾರಿಗೆ ಎಂಜಿನಿಯರ್ ಶ್ರೀನಿವಾಸ್ ಕೊಡಾಲಿ, ಇಂಡಿಯನ್ ಕಾನೂನ್ ಜಾಲತಾಣದ ಸುಶಾಂತ್ ಸಿನ್ಹಾ ಸೇರಿ ದೆಹಲಿ ಹೈಕೋರ್ಟಿಗೆ ಹೋದರು. ಜನರು ಪಾಲಿಸಬೇಕಾದ ನಿಯಮವನ್ನು ಜನರಿಗೇ ಮಾರುವುದೇ ಎಂಬುದು ಅವರ ತಕರಾರು. ಈಗ ಬ್ಯೂರೊ ತಾನೇ ತನ್ನ ಜಾಲತಾಣದಲ್ಲಿ ಭಾರತೀಯ ಮಾನಕಗಳನ್ನು ಉಚಿತವಾಗಿ ಕೊಡುತ್ತಿದೆ.

ಗ್ರಾಮ ಸಡಕ್ ಯೋಜನೆಯ ರಸ್ತೆಯ ಬದಿಗೆ ಒಂದು ಫಲಕ ನೆಟ್ಟಿರುತ್ತಾರೆ. ಉದ್ದ, ಖರ್ಚು, ಗುತ್ತಿಗೆದಾರರ ಹೆಸರು, ನಿರ್ವಹಣೆಯ ಅವಧಿ ಎಲ್ಲವೂ ಅದರ ಮೇಲಿರುತ್ತವೆ, ನಮ್ಮಲ್ಲಿ ಕನ್ನಡದಲ್ಲಿಯೇ. ಹಾಲಿನ ಡೇರಿಗೆ ಹೋಗುವ ಅಜ್ಜಿಯೂ ನಿಂತು ಓದಿ, ಇಷ್ಟು ದುಡ್ಡಿಗೆ ಇಂಥ ರಸ್ತೆಯೇ ಎಂದು ಕೇಳಬಲ್ಲಳು. ನಾರಿನ ಹಾಸಿನ ಮಾನಕವೂ ಈಗ ತೆರೆದೇ ಇದೆ. ಅದರ ತಲೆಬರಹದಲ್ಲಿ ಆ ಹಾಸಿಗೆ 'ಭೂವಸ್ತ್ರ' ಎಂಬ ಚಂದದ ಹೆಸರಿದೆ. ಒಳಗಿನದೆಲ್ಲ ಇಂಗ್ಲಿಷ್.